ಅಣೆಕಟ್ಟಿನ ಕೆಳಗಿನ ನೀರು

ಕತಾರಿನ ಮೆಸಯೀದಿನಲ್ಲಿ ನಮ್ಮ ಕ್ವಾರ್ಟರ್ಸಿನ ಹಿಂದೆ, ಕಾಂಪೌಂಡ್ ಗೋಡೆಯವರೆಗೆ, ಬರೀ ಮರಳಿನ ಒಂದು ಜಾಗವಿತ್ತು. ನನ್ನ ಗಂಡ ಅಲ್ಲಿ ಮೀನು ಹಿಡಿಯುವ ಅಭ್ಯಾಸ ಮಾಡುತ್ತಿದ್ದರು. ಹೇಳಿದರೆ ಯಾರಿಗಾದರೂ ನಗು ಬರುತ್ತದೆ. ಬೆಳಗಿನ ಶಿಫ್ಟ್ ಮುಗಿಸಿ ಕಂಪನಿ ಬಸ್ಸಿನಲ್ಲಿ ಬಂದು, ಚಹಾ ಕುಡಿದು, ಬಿಸಿಲು ಇಳಿದ ಮೇಲೆ ತುಂಡು ತುಂಡಾಗಿದ್ದ ಕೋಲನ್ನು ಒಂದಕ್ಕೊಂದು ಸಿಕ್ಕಿಸಿಕೊಂಡು ಹೊರಗೆ ಹೋಗುವರು. ಮರಳಿನ ಮೇಲೆ ಒಂದು ಹಳೆಯ ಚಪ್ಪಲಿ ಇಟ್ಟು, ದೂರ ನಿಂತು, ದಪ್ಪನೆಯ ದಾರವನ್ನು ಹಿಂದಕ್ಕೂ ಮುಂದಕ್ಕೂ ಬೀಸುವರು. ದಾರ ಗಾಳಿಯಲ್ಲಿ ಉದ್ದಕ್ಕೆ ಬಿಚ್ಚಿಕೊಂಡು ನೆಲದ ಮೇಲೆ ಸದ್ದಿಲ್ಲದೆ ಮಲಗುತ್ತಿತ್ತು. ತುದಿಯಲ್ಲಿ ಕೊಕ್ಕೆ ಇರಲಿಲ್ಲ, ಉಣ್ಣೆಯ ಒಂದು ಚೂರು ಕಟ್ಟಿರುತ್ತಿದ್ದರು. ಅದು ಚಪ್ಪಲಿಯ ಪಕ್ಕದಲ್ಲೇ ಬಿದ್ದರೆ ಸರಿ. ಒಂದು ಗೇಣು ಆಚೆ ಬಿದ್ದರೆ ಮತ್ತೆ ಬೀಸುವುದು.

ಪಕ್ಕದ ಮನೆಯಾಕೆ ಉಳ್ಳಾಲದ ಕಡೆಯ ಬ್ಯಾರಿ ಹೆಂಗಸು. ಅವಳ ಗಂಡನಿಗೂ ನನ್ನ ಗಂಡನ ಪ್ಲಾಂಟಿನಲ್ಲೇ ಕೆಲಸ. ಒಣಗಿದ ಬಟ್ಟೆ ತೆಗೆಯಲು ಹಿಂದೆ ಬಂದವಳು ಒಂದು ಮಾತು ಕೇಳದೆ ಒಳಗೆ ಹೋಗುತ್ತಿರಲಿಲ್ಲ.

“ಎಂತ ಅಣ್ಣ, ಇವತ್ತು ಬಂಗುಡೆ ಸಿಕ್ಕಿತಾ?”

“ಮಾಫಿ, ಏನೂ ಇಲ್ಲ. ನೀರು ಸರಿ ಇಲ್ಲ.”

“ನೀರೇ ಇಲ್ಲ ಮಾರಾಯ್ರೆ.”

“ಅದನ್ನೇ ಹೇಳಿದ್ದು.”

ಅವಳು ನಗುತ್ತಿದ್ದಳು. ಅವರು ನಗುತ್ತಿರಲಿಲ್ಲ. ಮತ್ತೆ ಕೋಲು ಎತ್ತುತ್ತಿದ್ದರು.

ನಾವು ಉಡುಪಿಯ ಹತ್ತಿರದ ಕಡಲ ಕರೆಯವರು. ಅವರ ಮನೆಯ ಅಂಗಳದಲ್ಲಿ ನಿಂತರೆ ಅಲೆ ಒಡೆಯುವ ಸದ್ದು ಕೇಳುತ್ತದೆ. ಬಲೆ, ದೋಣಿ, ಮೀನಿನ ವಾಸನೆಯ ನಡುವೆ ಹುಟ್ಟಿದ ಮನುಷ್ಯನಿಗೆ ಹೊಳೆಯ ಒಂದು ಸಣ್ಣ ಮೀನಿನ ಹುಚ್ಚು ಹಿಡಿದದ್ದು ಹಿಮಾಚಲದಲ್ಲಿ. ಕತಾರಿಗೆ ಬರುವ ಮೊದಲು ಅವರು ಅಲ್ಲಿ ಬೆಟ್ಟಗಳ ನಡುವೆ ಒಂದು ವಿದ್ಯುತ್ ಕೇಂದ್ರದಲ್ಲಿ ಆಪರೇಟರ್ ಆಗಿದ್ದರು. ಮದುವೆಯಾದ ಮೇಲೆ ನಾನೂ ಹೋಗಿ ಇದ್ದೆ. ಹಿಮ ಕರಗಿ ಬರುವ ಹೊಳೆಗೆ ಅಲ್ಲಿ ಅಣೆಕಟ್ಟು ಕಟ್ಟಿದ್ದಾರೆ. ಕಟ್ಟಿನ ಬುಡದಲ್ಲಿ ಮಷೀನುಗಳು. ಅವುಗಳನ್ನು ತಿರುಗಿಸಿ ಹೊರಬಂದ ನೀರೇ ಕೆಳಗಿನ ಹೊಳೆ. ಆ ನೀರಿನಲ್ಲಿ ಟ್ರೌಟ್ ಎಂಬ ಮೀನು ಇರುತ್ತದೆ. ಕಂದು ಮೈ, ಪಕ್ಕೆಯಲ್ಲಿ ಕುಂಕುಮದ ಬೊಟ್ಟಿನಂಥ ಚುಕ್ಕೆಗಳು. ಹುಳ ಚುಚ್ಚಿದ ಗಾಳದಿಂದ ಅಲ್ಲಿನ ಜನ ಅದನ್ನು ಹಿಡಿಯುವುದಿಲ್ಲ. ಕೋಳಿಯ ಗರಿ, ರೇಷ್ಮೆ ದಾರ ಸುತ್ತಿ ನೊಣದ ಹಾಗೆ ಕಾಣುವ ಗಾಳ ಕಟ್ಟುತ್ತಾರೆ. ನೊಣಕ್ಕೆ ತೂಕವಿಲ್ಲ, ಆದ್ದರಿಂದ ತೂಕದ ದಾರವನ್ನೇ ಬೀಸಿ ಅದನ್ನು ದೂರಕ್ಕೆ ಮುಟ್ಟಿಸಬೇಕು. ಮೀನು ಹಿಡಿಯುವುದಕ್ಕಿಂತ ಆ ಬೀಸುವುದನ್ನು ಕಲಿಯುವುದೇ ವರ್ಷಗಳ ಕೆಲಸ. ಮೀನುಮರಿ ಸಾಕುವ ಕೇಂದ್ರದ ಒಬ್ಬ ಮುದುಕ ಅವರಿಗೆ ಅದನ್ನು ಕಲಿಸಿದ.

ಮೊದಲ ಸಲ ಅವರು ಎರಡು ಮೀನು ತಂದಾಗ ನಾನು ನಮಗೆ ಗೊತ್ತಿದ್ದ ಹಾಗೆ ತೆಂಗಿನಕಾಯಿ, ಒಣಮೆಣಸು, ಹುಣಿಸೆ ಅರೆದು ಗಸಿ ಮಾಡಿದೆ. ಆ ಬೆಟ್ಟದಲ್ಲಿ ಒಂದು ತೆಂಗಿನಕಾಯಿ ಸಿಗಬೇಕಾದರೆ ಬಸ್ಸು ಹತ್ತಿ ಪೇಟೆಗೆ ಹೋಗಬೇಕು. ಮೀನು ಮಸಾಲೆಯಲ್ಲಿ ಕರಗಿ ಎಲ್ಲಿ ಹೋಯಿತೋ ತಿಳಿಯಲಿಲ್ಲ. ಅವರು ಎರಡು ಸಲ ಬಡಿಸಿಕೊಂಡು ಉಂಡರು. ಆಮೇಲೆ ಹಿಡಿದದ್ದನ್ನು ಮನೆಗೆ ತರುವುದು ಕಡಿಮೆಯಾಯಿತು. ಕೊಕ್ಕೆ ಬಿಡಿಸಿ ಮತ್ತೆ ನೀರಿಗೆ ಬಿಟ್ಟು ಬರುತ್ತಿದ್ದರು. ಮೆಸಯೀದಿನಲ್ಲಿ ಈ ವಿಷಯ ಪಕ್ಕದ ಮನೆಯಾಕೆಗೆ ತಿಳಿದ ದಿನ ಅವಳು ಬಾಗಿಲಲ್ಲಿ ನಿಂತು ನನ್ನನ್ನೇ ಕೇಳಿದಳು. “ಹಿಡಿದು ಬಿಡುವುದಾ? ಹಾಗಾದರೆ ಮನೆಯಲ್ಲಿ ಎಂತ ತಿನ್ನುವುದು?” ನಾನು ಪಡವಲಕಾಯಿ ಎಂದೆ. ಅವಳಿಗೆ ಅದು ಬಹಳ ದಿನದ ತಮಾಷೆಯಾಯಿತು.

ಆ ಹೊಳೆಯ ವಿಷಯ ಅವರು ನನಗೆ ಎಷ್ಟು ಸಲ ಹೇಳಿದ್ದರೆಂದರೆ, ಒಂದು ದಿನವೂ ನೀರಿಗೆ ಇಳಿಯದ ನನಗೂ ಅದು ಬಾಯಿಪಾಠವಾಗಿತ್ತು. ಬೇರೆ ಹೊಳೆಗೆ ಮಳೆ ಯಜಮಾನ, ಈ ಹೊಳೆಗೆ ಕಂಟ್ರೋಲ್ ರೂಮಿನಲ್ಲಿ ಕೂತವನು ಯಜಮಾನ ಎನ್ನುತ್ತಿದ್ದರು. ಒಂದು ಮಷೀನು ನಡೆದರೆ ಕೆಳಗೆ ಮೊಣಕಾಲು ನೀರು. ಆಗ ಇಳಿಯಬಹುದು. ಪೇಟೆಗಳಲ್ಲಿ ದೀಪ ಹತ್ತುವ ಹೊತ್ತಿಗೆ ಎರಡನೆಯದನ್ನೂ ಹಾಕುತ್ತಾರೆ. ಮೊದಲು ಸೈರನ್ ಆಗುತ್ತದೆ, ಆಮೇಲೆ ಮೋಡವಿಲ್ಲದ ಆಕಾಶದ ಕೆಳಗೆ ಹೊಳೆ ಸೊಂಟಕ್ಕೆ ಏರುತ್ತದೆ. ಸೈರನ್ ಕೇಳಿಯೂ ನಿಂತವನು ಉಳಿಯುವುದಿಲ್ಲ. ಕಟ್ಟಿನ ಅಡಿಯಿಂದ ಬರುವ ನೀರಾದ್ದರಿಂದ ಬೇಸಿಗೆಯಲ್ಲೂ ಕಾಲು ಮರಗಟ್ಟುತ್ತದೆ. ಮೀನು ಕಲ್ಲಿನ ಹಿಂದೆ, ನೀರು ಬರುವ ಕಡೆಗೆ ಮುಖ ಮಾಡಿ ನಿಂತಿರುತ್ತದೆ. ಮೋಡ ಕವಿದು ಗಾಳಿ ನಿಂತ ದಿನ ನೀರಿನೊಳಗಿಂದ ಸಣ್ಣ ಹುಳಗಳು ಏಳುತ್ತವೆ. ಆಗ ಮೀನೂ ಏಳುತ್ತದೆ.

ಕತಾರಿಗೆ ಬಂದ ಮೇಲೆ ಅವರು ಕಡಲಿನಲ್ಲಿ ಗಾಳ ಹಾಕಲಿಲ್ಲವೆಂದಲ್ಲ. ಒಂದೆರಡು ಶುಕ್ರವಾರ ಗೆಳೆಯರ ಜೊತೆ ದಡಕ್ಕೆ ಹೋದರು. ಬಂದು ಕೋಲು ಒರೆಸಿ ಮೂಲೆಗೆ ಇಟ್ಟರು. “ಇದು ಉಪ್ಪಿನ ಕೆರೆ” ಎಂದರು. ಕಡಲವರ ಮಗ ಕಡಲನ್ನು ಕೆರೆ ಎಂದದ್ದನ್ನು ನಾನು ಊರಿಗೆ ಬರೆಯಲಿಲ್ಲ.

ಆ ಬೆಟ್ಟದಲ್ಲಿ ಅವರಿಗೆ ಒಬ್ಬ ಗೆಳೆಯನಿದ್ದ. ಪಹಾಡಿ, ಅಲ್ಲಿನ ಬೆಟ್ಟದವನೇ, ಅದೇ ಕಂಟ್ರೋಲ್ ರೂಮಿನ ಆಪರೇಟರ್. ಮೀನು ತಿನ್ನದವನು, ಕೋಲು ಮುಟ್ಟದವನು, ಮೇಲಿನ ಕಿಟಕಿಯಿಂದ ಬಿಟ್ಟರೆ ಹತ್ತಿರ ಹೋಗಿ ಆ ಹೊಳೆಯನ್ನು ನೋಡದವನು. ಶುಕ್ರವಾರ ನಮಗೆ ರಜೆ. ಅವತ್ತು ಮಧ್ಯಾಹ್ನ ಇವರು ವಿದ್ಯುತ್ ಕೇಂದ್ರದ ಫೋನಿಗೆ ಕರೆ ಮಾಡುವರು. ಲೈನ್ ಸಿಗುವುದೇ ಕಷ್ಟ. ಸಿಕ್ಕಿದರೆ ಮೊದಲು ಹೆಂಡತಿ ಮಕ್ಕಳ ಸುದ್ದಿಯಲ್ಲ, ಎಷ್ಟು ಮಷೀನು ನಡೆಯುತ್ತಿದೆ, ಗೇಟು ಮುಚ್ಚಿದೆಯೋ ತೆರೆದಿದೆಯೋ, ಕಲ್ಲು ಕಾಣುತ್ತದೆಯೋ, ಗಾಳಿ ಯಾವ ಕಡೆಯದು. ಕೇಳಿ ಫೋನ್ ಇಟ್ಟು, ಏನೋ ಉಂಡವರ ಹಾಗೆ ಸುಮ್ಮನೆ ಕೂರುವರು.

ಕಾಯಿಲೆ ಶುರುವಾದದ್ದು ಚಳಿಗಾಲದಲ್ಲಿ. ಮೊದಲು ಊಟ ಸೇರಲಿಲ್ಲ. ಆಮೇಲೆ ಕಣ್ಣು ಹಳದಿಯಾಯಿತು. ಪ್ಯಾಂಟಿನ ಬೆಲ್ಟ್ ಬಿಗಿಯಾಗುತ್ತ ಹೋಯಿತು, ಕೈಕಾಲು ಮಾತ್ರ ಸಣ್ಣಗಾದವು. ದೋಹಾದ ಆಸ್ಪತ್ರೆಯಲ್ಲಿ ಲಿವರ್ ಎಂದರು. ಒಂದು ದಿನವೂ ಕುಡಿಯದ ಮನುಷ್ಯ. ಕುಡಿಯದವರಿಗೂ ಬರುತ್ತದೆ ಎಂದು ಕೇರಳದ ಡಾಕ್ಟರಮ್ಮ ನನಗೆ ಬಿಡಿಸಿ ಹೇಳಿದರು. ಅವರಿಗೆ ನನ್ನ ಮೇಲೆ ಕರುಣೆ ಇತ್ತು. ಅದಕ್ಕೇ ಸುತ್ತಿಬಳಸದೆ ಹೇಳಿದರು. ವರ್ಷ ಕಾಣುವುದು ಕಷ್ಟ, ಊರಿಗೆ ಹೋಗುವುದಿದ್ದರೆ ಓಡಾಡುವ ಶಕ್ತಿ ಇರುವಾಗ ಹೋಗಿ.

ಹೊಟ್ಟೆಯಲ್ಲಿ ತುಂಬುತ್ತಿದ್ದ ನೀರನ್ನು ಆಗಾಗ ಸೂಜಿ ಹಾಕಿ ತೆಗೆಯುತ್ತಿದ್ದರು. ತೆಗೆದ ದಿನ ಇವರು ಹಗುರಾಗಿ ಮನೆಗೆ ಬರುವರು. “ಇವತ್ತು ಒಂದು ಗೇಟು ತೆರೆದರು” ಎನ್ನುವರು. ನನಗೆ ಆ ತಮಾಷೆ ಸಹಿಸಲು ಆಗುತ್ತಿರಲಿಲ್ಲ. ಬೇಡ ಎನ್ನಲೂ ಆಗುತ್ತಿರಲಿಲ್ಲ.

ಅಂಥ ಒಂದು ದಿನ ಹಿಂದಿನ ಬಾಗಿಲಲ್ಲಿ ಕೂತು ಅವರು ಹೇಳಿದರು. ನಾವು ಮನೆಯಲ್ಲಿ ತುಳು ಮಾತಾಡುತ್ತಿದ್ದೆವು, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

“ಒಂದು ಸಲ ಆ ನೀರಲ್ಲಿ ನಿಲ್ಲಬೇಕು.”

“ಮೀನು ಹಿಡಿಯಲಿಕ್ಕಾ?”

“ಮೀನು ಸಿಕ್ಕದಿದ್ದರೂ ಅಡ್ಡಿಯಿಲ್ಲ. ಮೊಣಕಾಲ ತನಕ ನೀರು ಇದ್ದರೆ ಸಾಕು.”

ಅವರು ನನ್ನಲ್ಲಿ ಹೆಚ್ಚು ಏನನ್ನೂ ಕೇಳಿದವರಲ್ಲ. ನಮಗೆ ಮಕ್ಕಳಾಗಲಿಲ್ಲ, ಅದನ್ನೂ ಅವರು ಯಾರ ಎದುರೂ ಎತ್ತಲಿಲ್ಲ. ಇದೊಂದನ್ನು ಕೇಳಿದರು.

ಅವರ ತಮ್ಮ ದೋಹಾದಲ್ಲಿದ್ದ. ವೆಸ್ಟ್ ಬೇಯ ಒಂದು ಆಫೀಸಿನಲ್ಲಿ ಕೆಲಸ. ಅಣ್ಣನೆಂದರೆ ಪ್ರಾಣ. ಮೊದಲು ಅವನು ಒಪ್ಪಲಿಲ್ಲ. ಊರಿಗೆ ಹೋಗಿ ಒಳ್ಳೆಯ ಆಸ್ಪತ್ರೆಯಲ್ಲಿ ತೋರಿಸುವ, ಆಯುರ್ವೇದ ನೋಡುವ, ನಾಗನಿಗೆ ತಂಬಿಲ ಕೊಡುವ ಎಂದ. ಅಣ್ಣ ಎಲ್ಲದಕ್ಕೂ ಹೂಂ ಎಂದರು. “ಹೊಳೆಗೆ ಹೋಗಿ ಬಂದು ಮತ್ತೆ ಎಲ್ಲ ಮಾಡುವ.” ಕೊನೆಗೆ ಹಾಗೇ ಎಂದಾಯಿತು. ಮೊದಲು ದಿಲ್ಲಿಗೆ ವಿಮಾನ, ಅಲ್ಲಿಂದ ಬೆಟ್ಟ, ಆಮೇಲೆ ಊರು.

ಹೊರಡುವುದೆಂದರೆ ಟಿಕೆಟ್ ತೆಗೆದುಕೊಂಡು ಹೊರಡುವುದಲ್ಲ. ಇವರ ಜಾಗದಲ್ಲಿ ಶಿಫ್ಟಿಗೆ ಬದಲಿ ಆಳು ಬೇಕು, ದೇಶ ಬಿಡಲು ಪರ್ಮಿಟ್ ಬೇಕು, ಅದಕ್ಕೆ ಸಹಿ ಮಾಡುವವರು ಊರಲ್ಲಿ ಇರಬೇಕು. ಬೇಸಿಗೆಯಲ್ಲಿ ಸಹಿ ಮಾಡುವವರೂ ದೇಶ ಬಿಟ್ಟು ತಣ್ಣಗಿನ ಕಡೆಗೆ ಹೋಗುತ್ತಾರೆ. ಅವರು ಹೋಗುವ ಮೊದಲು ದಿನಾಂಕ ಕೊಡಿ ಎಂದು ಕಂಪನಿಯಿಂದ ಮಾತು ಬಂತು. ಆ ವಾರವೇ ಇವರಿಗೆ ಜ್ವರ ಏರಿ ಆಸ್ಪತ್ರೆಗೆ ಸೇರಿಸಿದ್ದೆವು. ಮಾತಾಡಿಸಿದರೆ ಕಣ್ಣು ತೆರೆದು, ಯಾವುದೋ ಊರಿನ ಮಾತಾಡಿ, ಮತ್ತೆ ಮುಚ್ಚುತ್ತಿದ್ದರು.

ಗುರುವಾರ ಸಂಜೆ ಮೈದುನ ಆಸ್ಪತ್ರೆಯಿಂದ ನೇರ ಮೆಸಯೀದಿಗೆ ಬಂದ. ಅಡುಗೆಮನೆಯಲ್ಲಿ ಕೂತೆವು. ಪಕ್ಕದ ಮನೆಯಾಕೆ ನನಗೆ ಅಕ್ಕಿರೊಟ್ಟಿ ತಂದವಳು ಅಲ್ಲೇ ನಿಂತಿದ್ದಳು.

“ದಿನ ಹೇಳಿ ಅತ್ತಿಗೆ. ನಾಳಿದ್ದು ಫೈಲ್ ಸೈನಿಗೆ ಹೋಗ್ತದೆ.”

“ಅವರನ್ನು ಕೇಳುವ.”

“ಅಣ್ಣ ಈಗ ನನ್ನನ್ನು ಅಪ್ಪಾ ಅಂತ ಕರೆದರು. ಯಾರನ್ನು ಕೇಳುವುದು?” ಎಂದ. ಆಮೇಲೆ ಅವನೇ ಹೇಳಿದ. “ನಾವು ಕಡಲವರಲ್ಲವಾ, ಮೀನಿನ ಲೆಕ್ಕ ನಮಗೆ ಗೊತ್ತಿಲ್ಲವಾ? ನೂಲ ಹುಣ್ಣಿಮೆ ಕಳೆದರೆ ಆಯ್ತು.”

“ಅದು ಸರಿ” ಎಂದಳು ಪಕ್ಕದ ಮನೆಯಾಕೆ. “ಆಮೇಲೆ ನಮ್ಮಲ್ಲಿಯೂ ದೋಣಿ ಇಳಿಸ್ತಾರೆ. ಅದಕ್ಕಿಂತ ಮೊದಲು ಹೋದರೆ ಎಂತ ಉಂಟು? ಬರೀ ಮಳೆ.”

ನನಗೂ ಅದೇ ಸರಿ ಕಂಡಿತು. ನಮ್ಮ ಕರೆಯಲ್ಲಿ ಮಳೆಗಾಲವಿಡೀ ದೋಣಿಗಳು ದಡದ ಮೇಲೆ ಮಗುಚಿ ಕೂತಿರುತ್ತವೆ. ನೂಲ ಹುಣ್ಣಿಮೆಯ ದಿನ ಕಡಲಿಗೆ ಹಾಲೆರೆದು ತೆಂಗಿನಕಾಯಿ ಬಿಟ್ಟರೆ ಕಡಲು ತೆರೆಯಿತು ಎಂದು ಅರ್ಥ. ಮೀನು ಎಂದರೆ ನಮಗೆ ಆ ಹುಣ್ಣಿಮೆಯ ನಂತರದ್ದು. ಬೆಟ್ಟದ ಹೊಳೆಗೆ ಬೇರೆ ಪಂಚಾಂಗ ಇರಬಹುದೆಂದು ಮೂವರಲ್ಲಿ ಒಬ್ಬರಿಗೂ ತೋಚಲಿಲ್ಲ. ಅಲ್ಲಿ ವರ್ಷಗಟ್ಟಲೆ ಇದ್ದವಳು ನಾನು, ನಿನಗೂ ತಿಳಿಯಲಿಲ್ಲವೇ ಎಂದು ಯಾರಾದರೂ ಕೇಳಬಹುದು. ಆಟಿ ತಿಂಗಳಿಗೆ ನಮ್ಮಲ್ಲಿ ಹೆಣ್ಣುಮಕ್ಕಳು ತವರಿಗೆ ಹೋಗುತ್ತಾರೆ. ನಾನೂ ಪ್ರತಿ ವರ್ಷ ಮಳೆ ಶುರುವಾದಾಗ ಊರಿಗೆ ಬಂದು, ಚೌತಿ ಮುಗಿಸಿ, ದಸರಾದ ಹೊತ್ತಿಗೆ ವಾಪಸು ಹೋಗುತ್ತಿದ್ದೆ. ಆ ತಿಂಗಳಲ್ಲಿ ಆ ಹೊಳೆ ಹೇಗಿರುತ್ತದೆಂದು ನಾನು ಕಂಡವಳೇ ಅಲ್ಲ. ನಾನು ನೋಡಿದಾಗೆಲ್ಲ ಅದು ತಿಳಿಯಾಗಿಯೇ ಇತ್ತು.

ಮೈದುನ ದಿನಾಂಕ ಕೊಟ್ಟ. ಸಹಿಯಾಯಿತು. ಬದಲಿ ಆಳು ಗೊತ್ತಾದ. ನಮಗೆ ಒಂದು ದೊಡ್ಡ ಕೆಲಸ ಮುಗಿದ ನೆಮ್ಮದಿ.

ಜ್ವರ ಬಿಟ್ಟು ಮನೆಗೆ ಬಂದ ಮೇಲೆ ತಮ್ಮನೇ ಅವರಿಗೆ ಟಿಕೆಟ್ ತೋರಿಸಿದ. ಅವರು ತಿರುಗಿಸಿ ನೋಡಿದರು. ಅವರ ಮುಖದಲ್ಲಿ ನಗು ಬಂತು.

“ಇದು ಯಾರು ಇಟ್ಟ ಮುಹೂರ್ತ?”

“ನೂಲ ಹುಣ್ಣಿಮೆ ಕಳೆದು ಅಂತ.”

“ಅಲ್ಲಿ ಯಾರು ದೋಣಿ ಇಳಿಸ್ತಾರೆ ಮಾರಾಯ?” ಎಂದರು. “ಆಗ ಅಲ್ಲಿ ನೀರಲ್ಲ, ಗೋಪಿಚಂದನ. ಮೈಗೆ ನಾಮ ಹಾಕಿಕೊಳ್ಳಬಹುದು.”

ತಮ್ಮನ ಮುಖ ನೋಡಿ ಅವರಿಗೆ ಪಾಪ ಅನ್ನಿಸಿರಬೇಕು, ನಿಧಾನವಾಗಿ ಬಿಡಿಸಿ ಹೇಳಿದರು. ಮಳೆಗಾಲದಲ್ಲಿ ಬೆಟ್ಟ ಜರಿದು ಮಣ್ಣೆಲ್ಲ ಕಟ್ಟಿಗೆ ಬರುತ್ತದೆ. ಹೂಳು ತುಂಬಿದರೆ ಮಷೀನು ಹಾಳು. ಆದ್ದರಿಂದ ಆ ದಿನಗಳಲ್ಲಿ ಅಡಿಯ ಗೇಟುಗಳನ್ನು ಎತ್ತಿ ಹೂಳನ್ನು ಕೆಳಕ್ಕೆ ಬಿಡುತ್ತಾರೆ. ದಸರಾ ಕಳೆದ ಮೇಲೆಯೇ ಹೊಳೆ ತಿಳಿಯಾಗುವುದು. ಆಮೇಲೆ ಮೀನು ಮೊಟ್ಟೆ ಇಡುವ ಕಾಲ ಬರುತ್ತದೆ, ಇಳಿಯಲು ಬಿಡುವುದಿಲ್ಲ. ನಡುವೆ ಇರುವುದು ಕೆಲವೇ ವಾರ.

ಅವನು ಹೋದ ಮೇಲೆ ನಾನು ಹೇಳಿದೆ. “ಆದರೂ ಹೋಗುವ. ದಡದಲ್ಲಿ ಕೂತು ನೋಡಿ ಬರುವ. ಈಗ ನೀವು ನಡೆಯುತ್ತೀರಿ.”

“ಆ ನೀರನ್ನು ನಾನು ನೋಡಿದ್ದೇನೆ.”

“ನೋಡಿದರೆ ಏನಾಯಿತು, ಇನ್ನೊಮ್ಮೆ ನೋಡುವುದು.”

ಅವರು ಟಿಕೆಟನ್ನು ಮಡಚಿ ಬದಿಗಿಟ್ಟರು. ಆಮೇಲೆ ಹೇಳಿದರು. “ಸೈರನ್ ಹಾಕಿ ಗೇಟು ಎತ್ತುತ್ತಿದ್ದದ್ದು ನಾವೇ ಅಲ್ಲವಾ. ಎತ್ತಿದ ಮರುದಿನ ಮೀನುಗಳು ಹೊಟ್ಟೆ ಮೇಲಾಗಿ ಬದಿಗೆ ಬಂದು ಬಿದ್ದಿರ್ತವೆ. ಕಿವಿರಿನಲ್ಲಿ ಕೆಸರು. ಎತ್ತದೆ ಇದ್ದರೆ ಕಟ್ಟು ಉಳಿಯುವುದಿಲ್ಲ, ಎತ್ತಿದರೆ ಅವು ಉಳಿಯುವುದಿಲ್ಲ. ಅದನ್ನು ನೋಡಲಿಕ್ಕೆ ನಾನು ಇಷ್ಟು ದೂರದಿಂದ ಹೋಗುವುದಿಲ್ಲ.”

ಅವರು ಈ ಮಾತನ್ನು ಮೊದಲು ನನಗೆ ಹೇಳಿರಲಿಲ್ಲ. ಮತ್ತೆ ನಾನು ಒತ್ತಾಯಿಸಲಿಲ್ಲ. ಒತ್ತಾಯಿಸಬೇಕಿತ್ತೇ ಎಂದು ಈಗಲೂ ಯೋಚಿಸುತ್ತೇನೆ.

ಇಟ್ಟ ದಿನಾಂಕ ಬದಲಿಸಲು ಮೈದುನ ಪಟ್ಟ ಪಾಡು ಹೇಳತೀರದು. ಸಹಿ ಮಾಡಿದವರು ದೇಶದಲ್ಲಿಲ್ಲ. ಬದಲಿ ಆಳು ತನ್ನ ರಜೆ ಬಿಟ್ಟುಕೊಟ್ಟು ಒಪ್ಪಿದ್ದ, ಅವನ ಮುಂದೆ ಹೇಗೆ ಮಾತಾಡುವುದು. ದಿನಾ ಆಫೀಸು ಬಿಟ್ಟ ಮೇಲೆ ಅವನು ಬಿಸಿಲಲ್ಲಿ ಗಾಡಿ ಓಡಿಸಿಕೊಂಡು ಬಂದು ಕಂಪನಿಯ ಬಾಗಿಲಲ್ಲಿ ಕೂರುತ್ತಿದ್ದ. ಕಂಪನಿಯವರು ಚಹಾ ಕೊಡುತ್ತಿದ್ದರು, ಬುಕ್ರಾ ಎನ್ನುತ್ತಿದ್ದರು. ಬುಕ್ರಾ ಎಂದರೆ ನಾಳೆ. ಕೊನೆಗೆ ದಸರಾ ಕಳೆದ ಮೇಲಿನ ಒಂದು ದಿನಕ್ಕೆ ಬದಲಾಯಿತು. ಅವತ್ತು ಅವನು ಬಾಗಿಲಲ್ಲೇ ನಿಂತು ಖಲಾಸ್ ಎಂದ, ಒಳಗೆ ಬಂದು ಮಲಗಿಬಿಟ್ಟ.

ಆಗಸ್ಟಿನ ಆ ದಿನಗಳಲ್ಲಿ ಅವರು ನಡೆಯುತ್ತಿದ್ದರು. ಇದನ್ನು ಬರೆಯದೆ ಇರಲಾರೆ. ನಾವು ಹೋಗಬೇಕಾಗಿದ್ದ ದಿನ ಅವರು ನಸುಕಿನಲ್ಲಿ ಎದ್ದು, ಸೆಕೆ ಏರುವ ಮೊದಲು, ಹಿಂದಿನ ಮರಳಿನಲ್ಲಿ ಕೋಲು ಬೀಸಿದರು. ಪಕ್ಕದ ಮನೆಯಾಕೆ ಕಿಟಕಿಯಿಂದ ನೋಡಿದಳು, ಏನೂ ಕೇಳಲಿಲ್ಲ.

ಸೆಪ್ಟೆಂಬರಿನಲ್ಲಿ ಕುರ್ಚಿ ಹಾಕಿಕೊಂಡು ಬೀಸಿದರು. ಆಮೇಲೆ ಕೋಲು ಭಾರವಾಯಿತು. ದಾರವನ್ನು ಮಾತ್ರ ಮಡಿಲಲ್ಲಿಟ್ಟುಕೊಂಡು ಎಣ್ಣೆ ಬಟ್ಟೆಯಿಂದ ಒರೆಸುವರು. ಧ್ವನಿ ಇಳಿದು, ಫೋನಿನಲ್ಲಿ ಮಾತಾಡಿದರೆ ಅತ್ತ ಕೇಳದಂತಾಯಿತು. ಆಗಿನಿಂದ ಶುಕ್ರವಾರದ ಕರೆ ನನ್ನ ಪಾಲಿಗೆ ಬಂತು. ಫೋನ್ ಹಾಲಿನಲ್ಲಿತ್ತು, ಅವರ ಮಂಚವನ್ನೂ ಅಲ್ಲೇ ಹಾಕಿದ್ದೆವು. ನಾನು ಹಿಂದಿಯಲ್ಲಿ ಕೇಳುವುದು, ತಿರುಗಿ ಅವರಿಗೆ ಹೇಳುವುದು.

“ಭಾಭಿ, ಎರಡೂ ಗೇಟು ಎತ್ತಿದ್ದೇವೆ. ಕೆಳಗೆ ಏನೂ ಕಾಣುವುದಿಲ್ಲ” ಎನ್ನುತ್ತಿದ್ದ ಪಹಾಡಿ ಗೆಳೆಯ.

ಅದನ್ನು ಹೇಳಿದರೆ ಅವರ ಮುಖ ಸಡಿಲವಾಗುತ್ತಿತ್ತು. “ನಾನು ಹೇಳಲಿಲ್ಲವಾ” ಎನ್ನುವರು. ನೀರು ಕೆಟ್ಟಿರುವಷ್ಟು ದಿನ ಹೋಗಲಾಗದ್ದು ನೀರಿನ ದೆಸೆಯಿಂದ, ಅವರ ಮೈಯ ದೆಸೆಯಿಂದಲ್ಲ. ನಾನು ದೀಪ ಹಚ್ಚುವಾಗ ಆ ನೀರು ತಿಳಿಯಾಗುವುದು ಬೇಡ ಎಂದು ಬೇಡಿಕೊಳ್ಳಲು ಶುರುಮಾಡಿದೆ. ಮಳೆ ಇನ್ನಷ್ಟು ಬರಲಿ, ಮಣ್ಣು ಜರಿಯಲಿ. ಕೆಳಗೆ ಹಳ್ಳಿಗಳಿವೆ, ಅಲ್ಲಿ ಜನ ಇದ್ದಾರೆ ಎಂದು ಆಮೇಲೆ ನೆನಪಾಗುತ್ತಿತ್ತು.

ದಸರಾಕ್ಕೆ ಸ್ವಲ್ಪ ಮೊದಲು ಡಾಕ್ಟರಮ್ಮ ವಿಮಾನ ಹತ್ತಲು ಒಪ್ಪಿಗೆ ಕೊಡುವುದಿಲ್ಲ ಎಂದರು. ನನ್ನ ಗಂಡನ ಎದುರೇ ಹೇಳಿದರು. ಮೇಲೆ ಹೋದ ಮೇಲೆ ರಕ್ತ ಬಂದರೆ ನಿಲ್ಲಿಸುವವರಿಲ್ಲ. ಮೈದುನ ಎಷ್ಟೋ ಬೇಡಿಕೊಂಡ. ನೀವು ಬರೆದುಕೊಡಿ, ಏನಾದರೂ ಆದರೆ ನಾನು ಜವಾಬ್ದಾರಿ ಎಂದ. ಡಾಕ್ಟರಮ್ಮ ಆಗುವುದಿಲ್ಲ ಎಂದು ತಲೆಯಾಡಿಸಿದರು. ಅವರ ಕಣ್ಣಲ್ಲೂ ನೀರಿತ್ತು. ಯಾರ ಮೇಲೆ ಸಿಟ್ಟು ಮಾಡುವುದೆಂದು ನಮಗೆ ತಿಳಿಯಲಿಲ್ಲ. ಮಂಚದ ಮೇಲಿದ್ದವರು ಮಾತ್ರ ಡಾಕ್ಟರಮ್ಮನಿಗೆ ಥ್ಯಾಂಕ್ಸ್ ಹೇಳಿದರು. ಮನೆಗೆ ಬಂದ ಮೇಲೆ ಆ ವಿಷಯ ಎತ್ತಲಿಲ್ಲ.

ಅದರ ಮುಂದಿನ ಶುಕ್ರವಾರ ಫೋನಿನ ಆಚೆ ಗೆಳೆಯನ ದನಿ ಬೇರೆಯಾಗಿತ್ತು. ಅವನಿಗೆ ಇಲ್ಲಿನದು ಯಾವುದೂ ಗೊತ್ತಿರಲಿಲ್ಲ.

“ಭಾಭಿ, ಗೇಟು ಮುಚ್ಚಿದೆವು. ಒಂದೇ ಮಷೀನು. ಕಿಟಕಿಯಿಂದ ಕಲ್ಲು ಕಲ್ಲೂ ಕಾಣುತ್ತಿದೆ. ಯಾವಾಗ ಬರುತ್ತೀರಿ?”

ನಾನು ಅವರಿಗೆ ಬೆನ್ನು ಹಾಕಿ ನಿಂತಿದ್ದೆ. ತಿರುಗುವ ಮೊದಲು ಯೋಚಿಸಬೇಕಾಗಿತ್ತು. ಕೆಸರೇ ಇದೆಯಂತೆ ಎಂದರೆ ಮುಗಿಯುತ್ತಿತ್ತು. ಆದರೆ ಅವರು ಸುಮ್ಮನಿರುವವರಲ್ಲ. ಮೇಲೆ ಮಳೆ ನಿಂತು ಎಷ್ಟು ದಿನವಾಯಿತು, ಯಾವ ಗೇಟು ಎಂದು ಒಂದೊಂದಾಗಿ ಕೇಳಿ ನನ್ನ ಬಾಯಿಯಿಂದಲೇ ಹೊರಡಿಸುತ್ತಿದ್ದರು. ಆ ಹೊಳೆಯ ವಿಷಯದಲ್ಲಿ ಅವರಿಗೆ ಸುಳ್ಳು ಹೇಳಲು ನನಗೆ ಬರುತ್ತಿರಲಿಲ್ಲ.

“ಏನಂತೆ?” ಎಂದರು.

“ತಿಳಿಯಾಗಿದೆಯಂತೆ.”

ಕಣ್ಣು ಮುಚ್ಚಿದರು. ಫೋನಿನಲ್ಲಿ ಅವನು ಹಲೋ ಹಲೋ ಎನ್ನುತ್ತಿದ್ದ.

“ಎಷ್ಟು ನೀರು?”

“ಮೊಣಕಾಲು ಇರಬಹುದಂತೆ.”

“ಗಾಳಿ?”

“ಕೇಳಲಿಲ್ಲ.”

“ಕೇಳು.”

ಕೇಳಿದೆ. ಹುಳ ಏಳುತ್ತಿದೆಯೇ ಎಂದೂ ಕೇಳಲು ಹೇಳಿದರು. ಗೆಳೆಯ ನಕ್ಕ. “ಭಾಭಿ, ನಾನು ಮೇಲಿಂದ ನೋಡುವವನು. ಹುಳ ಎಲ್ಲಿ ಕಾಣುತ್ತದೆ?” ಆಗ ನಾನು ಅವನಿಗೆ ವಿಷಯ ಹೇಳಿದೆ. ನಾವು ಬರುವುದಿಲ್ಲ ಎಂದೆ. ಯಾಕೆ ಎಂದೂ ಹೇಳಿದೆ. ಅವರ ಎದುರೇ, ಅವರಿಗೆ ಅರ್ಥವಾಗುವ ಹಿಂದಿಯಲ್ಲೇ ಹೇಳಬೇಕಾಯಿತು. ಅವನು, ಬರುವ ಶುಕ್ರವಾರ ಕೆಳಗೆ ಇಳಿದು ನೋಡಿ ಬರುತ್ತೇನೆ ಎಂದ.

ಅವನು ನಿಜವಾಗಿ ಇಳಿದ. ಅದರ ಮುಂದಿನ ವಾರವೂ ಇಳಿದ. ಮೊದಲ ಸಲ ಅವನಿಗೆ ಏನೂ ಕಾಣಲಿಲ್ಲ. ನೀರು ತಣ್ಣಗಿತ್ತು, ಕಾಲು ಜಾರಿತು, ಅಷ್ಟೇ. ಇವರು ಮಂಚದಿಂದಲೇ ಹೇಳಿಕೊಟ್ಟರು. ನೀರಿನ ಮೇಲ್ಮೈ ನೋಡಬೇಡ, ಒಳಗೆ ನೋಡು. ಸೂರ್ಯ ಬೆನ್ನಿಗಿರಲಿ. ನಿನ್ನ ನೆರಳು ನೀರಿಗೆ ಬೀಳದಿರಲಿ. ಅವರ ಪಿಸುಮಾತನ್ನು ನಾನು ದೊಡ್ಡದಾಗಿ ಹಿಂದಿಯಲ್ಲಿ ಕೂಗಿ ಹೇಳುತ್ತಿದ್ದೆ. ಪಕ್ಕದ ಮನೆಯಾಕೆ ಒಮ್ಮೆ ಏನಾಯಿತೋ ಎಂದು ಓಡಿ ಬಂದಳು. ನನ್ನನ್ನು ನೋಡಿ, ಅವರನ್ನು ನೋಡಿ, ಸೆರಗು ಬಾಯಿಗೆ ಹಿಡಿದು ಹೊರಗೆ ಹೋದಳು.

ಇದರಿಂದ ಅವರಿಗೆ ಸುಖವಾಯಿತೆಂದು ನಾನು ಬರೆಯಲಾರೆ. ಫೋನ್ ಇಟ್ಟ ಮೇಲೆ ಅವರು ಗೋಡೆಯ ಕಡೆ ತಿರುಗಿ ಮಲಗುತ್ತಿದ್ದರು. ಒಂದು ಶುಕ್ರವಾರ ಸಾಕು, ಇನ್ನು ಕೇಳುವುದು ಬೇಡ ಎಂದರು. ಸರಿ ಎಂದು ಮರುವಾರ ನಾನು ಸುಮ್ಮನಿದ್ದೆ. ಮಸೀದಿಯಲ್ಲಿ ಮಧ್ಯಾಹ್ನದ ಬಾಂಗ್ ಆಗಿ ಸ್ವಲ್ಪ ಹೊತ್ತಿಗೆ, “ಫೋನ್ ಮಾಡಲಿಲ್ಲವಾ?” ಎಂದರು. ಮಾಡಿದೆ. ಅವತ್ತು ಲೈನ್ ಸಿಗಲಿಲ್ಲ.

ಅವರು ಹೋದದ್ದು ಮಂಗಳವಾರ ಮಧ್ಯಾಹ್ನ. ನಾನು ಗಂಜಿ ಆರಿಸುತ್ತಿದ್ದೆ. ಹೆಚ್ಚು ಬರೆಯುವುದಕ್ಕೆ ಏನೂ ಇಲ್ಲ. ರಕ್ತ ಬಂತು. ಆಂಬ್ಯುಲೆನ್ಸ್ ಬಂತು.

ಮೈದುನ ಎರಡು ದಿನ ಆಫೀಸಿನಿಂದ ಆಫೀಸಿಗೆ ಓಡಾಡಿ ಶವ ಕಳಿಸುವ ಏರ್ಪಾಡು ಮಾಡಿದ. ಶನಿವಾರದ ವಿಮಾನದಲ್ಲಿ ನಾವು ಹೋಗುವುದೆಂದಾಯಿತು. ಅದಕ್ಕೆ ಬೇಕಾದ ಸಹಿಗಳೆಲ್ಲ ಒಂದೇ ದಿನದಲ್ಲಿ ಸಿಕ್ಕಿದವು. ಯಾರೂ ಬುಕ್ರಾ ಎನ್ನಲಿಲ್ಲವಂತೆ. ಹೇಳುವಾಗ ಅವನು ನನ್ನ ಮುಖ ನೋಡಲಿಲ್ಲ. ಟಿಕೆಟ್ ತೋರಿಸಿದ ದಿನದಿಂದಲೇ ಅವನು ನನ್ನ ಮುಖ ನೋಡಿ ಮಾತಾಡುವುದು ಕಡಿಮೆಯಾಗಿತ್ತು. ತಪ್ಪು ನಿನ್ನೊಬ್ಬನದಲ್ಲ, ನಾವು ಮೂವರೂ ಅಲ್ಲೇ ಇದ್ದೆವು ಎಂದು ನಾನು ಹೇಳಿದ್ದೆ. ಅವನ ಅಣ್ಣನೂ ಹೇಳಿದ್ದರು. ಅದು ಅವನೊಳಗೆ ಇಳಿಯಲಿಲ್ಲ.

ಶುಕ್ರವಾರ ಮನೆ ತುಂಬ ಜನ. ರಯ್ಯಾನಿನಿಂದ, ದೋಹಾದಿಂದ ನಮ್ಮ ಕಡೆಯ ಹೆಂಗಸರು ಬಂದಿದ್ದರು. ಪಕ್ಕದ ಮನೆಯಾಕೆ ತನ್ನ ಮನೆಯಲ್ಲೇ ಎಲ್ಲರಿಗೂ ಅಡುಗೆ ಮಾಡಿಸಿದ್ದಳು, ಮೀನಿಲ್ಲದ ಅಡುಗೆ. ಬಾಂಗ್ ಆಯಿತು. ಗೆಳೆಯ ಅಲ್ಲಿ ಫೋನಿನ ಹತ್ತಿರ ಕಾಯುತ್ತಿರುತ್ತಾನೆ ಎಂದು ನೆನಪಾಯಿತು. ಹೇಳದೆ ಊರಿಗೆ ಹೋಗುವುದು ಹೇಗೆ? ಜನರ ನಡುವೆಯೇ ಎದ್ದು ಹೋಗಿ ನಂಬರ್ ತಿರುಗಿಸಿದೆ. ಅವತ್ತು ಒಂದೇ ಸಲಕ್ಕೆ ಲೈನ್ ಸಿಕ್ಕಿತು.

ಅವನು ನನಗೆ ಬಾಯಿ ತೆರೆಯಲು ಬಿಡಲಿಲ್ಲ.

“ಭಾಭಿ, ಇವತ್ತು ನೋಡಿದೆ. ಮೋಡ ಇದೆ, ಗಾಳಿ ಇಲ್ಲ. ಬೂದು ಬಣ್ಣದ ಸಣ್ಣ ಹುಳ, ಅಕ್ಕಿ ಕಾಳಿನಷ್ಟು, ನೀರಿನಿಂದ ಏಳುತ್ತಿದೆ. ಭಾಯಿಸಾಬ್ ಹೇಳಿದ ಹಾಗೆ ದೊಡ್ಡ ಕಲ್ಲಿನ ಹಿಂದೆ ನೋಡಿದೆ. ಮೊದಲು ಕಲ್ಲಿನ ನೆರಳು ಅಂದುಕೊಂಡೆ. ಆಮೇಲೆ ಬಾಲ ಅಲ್ಲಾಡಿತು. ಮೂತಿ ಮೇಲೆತ್ತಿ ಹುಳ ತಿಂದು ಮತ್ತೆ ಅಲ್ಲೇ ಬಂದು ನಿಂತಿತು, ಭಾಭಿ. ಅಲ್ಲೇ. ನಾನು ತುಂಬ ಹೊತ್ತು ನಿಂತು ನೋಡಿದೆ. ಹೇಳಿ ಅವರಿಗೆ.”

ನಾನು ಪೂರ್ತಿ ಕೇಳಿದೆ. ನಡುವೆ ತಡೆಯಬಹುದಿತ್ತು, ತಡೆಯಲಿಲ್ಲ. ಆಮೇಲೆ ಹೇಳಿದೆ. ಅವನ ಹಿಂದೆ ಮಷೀನಿನ ಸದ್ದು ಸಣ್ಣಗೆ ಬರುತ್ತಿತ್ತು. “ಇವತ್ತು ನಾನು ಹೇಳಿದ್ದು ಸುಳ್ಳಲ್ಲ, ಭಾಭಿ, ನಿಜವಾಗಿ ಕಂಡಿತು” ಎಂದ. ಗೊತ್ತು ಎಂದೆ. ಫೋನ್ ಇಟ್ಟೆ.

ತಿರುಗಿದರೆ ಮೈದುನ ಬಾಗಿಲಲ್ಲಿ ನಿಂತಿದ್ದ. ಕೈಯಲ್ಲಿ ಪೆಟ್ಟಿಗೆ ಕಟ್ಟುವ ಹಗ್ಗ.

“ಯಾರದು ಅತ್ತಿಗೆ? ಊರಿಂದಲಾ?”

“ಅಲ್ಲ. ಹೊಳೆಯಿಂದ.”

ಅವನು ಕಾಯುತ್ತ ನಿಂತ. ಹೇಳಬೇಕಾಗಿದ್ದವರು ಇರಲಿಲ್ಲ. ಹೇಳದೆ ನನ್ನೊಳಗೇ ಇಟ್ಟುಕೊಳ್ಳಲೂ ಆಗಲಿಲ್ಲ.

“ನೀರು ಚೆನ್ನಾಗಿದೆಯಂತೆ” ಎಂದೆ.

ಅವನು ಬಾಗಿಲಿಗೆ ಒರಗಿ ನೆಲದ ಮೇಲೆ ಕೂತ. ಹೆಂಗಸರು ಮಾತು ನಿಲ್ಲಿಸಿ ನೋಡಿದರು. ನಾನು ಅವನ ಪಕ್ಕದಲ್ಲಿ ಕೂತೆ. ಅವನು ಹಗ್ಗದ ತುದಿಯನ್ನು ಬಿಚ್ಚಿ ಮತ್ತೆ ಸುತ್ತುತ್ತಿದ್ದ. ನಾಳೆ ಏರ್‌ಪೋರ್ಟಿಗೆ ಬೇಗ ಹೊರಡಬೇಕು ಎಂದ. ನಾನು ಹೂಂ ಎಂದೆ.